ಪಕ್ಷಿಬಂಧು ಸಲೀಂ ಅಲಿ

ಶ್ರೀರಂಗಪಟ್ಟಣದ ಸಮೀಪದಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಒಂದು ಹಳೆಯ ಕಟ್ಟೆಯಿದೆ. ಮೈಸೂರಿನ ಅರಸರಾಗಿದ್ದ ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ಅವಧಿಯಲ್ಲಿ ಇದನ್ನು ಕಟ್ಟಿಸಿದರು. ಬೇಸಾಯಕ್ಕೆ ನೀರೊದಗಿಸುವುದು ಅವರ ಉದ್ದೇಶವಾಗಿತ್ತು. ಕಟ್ಟೆಯ ಹಿಂದೆ ನೀರು ನಿಂತು ಹರಡಿಕೊಂಡಾಗ, ನದಿಯ ನಡುವಣ ದಿಣ್ಣೆಗಳು ಸಣ್ಣ ಸಣ್ಣ ನಡುಗಡ್ಡೆಗಳಾಗಿ ಉಳಿದವು. ದಿಣ್ಣೆಗೆ ನಮ್ಮ ನುಡಿಯಲ್ಲಿ ತಿಟ್ಟು ಎಂಬ ಹೆಸರೂ ಉಂಟು. ಈ ನಡುಗಡ್ಡೆಗಳ ಗುಂಪೇ ಇಂದು ನಾಡಿಗೆಲ್ಲ ಪರಿಚಿತವಾಗಿರುವ ರಂಗನತಿಟ್ಟು.

ಮರಿಮಾಡುವ ಕಾಲದಲ್ಲಿ ಇಲ್ಲಿಗೆ ಹೋಗಿ ದೋಣಿಯಲ್ಲಿ ಕುಳಿತರೆ ಕಾಣುವ ನೋಟ ಅಪೂರ್ವವಾದುದು. ಮರಗಳ ತುದಿಯಲ್ಲಿ ಬಣ್ಣದ ಕೊಕ್ಕರೆಗಳು ಗುಂಪುಗುಂಪಾಗಿ ಗೂಡು ಕಟ್ಟಿರುತ್ತವೆ. ಬಾಯ್ಕಳಕ ಪಕ್ಷಿಯು ನಡುವೆ ಸಂದುಳ್ಳ ತನ್ನ ಕೊಕ್ಕಿನಿಂದ ಬಸವನಹುಳುಗಳನ್ನು ಹಿಡಿದು ತರುತ್ತದೆ. ಚಮಚದಂತಹ ಕೊಕ್ಕುಳ್ಳ ಪಕ್ಷಿಗಳು ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಬೀಸುತ್ತ ಆಹಾರವನ್ನು ಅರಸುತ್ತವೆ. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ, ಕೆಂಬರಲು ಮೊದಲಾದ ಹಕ್ಕಿಗಳ ಕಲರವ ನೀರಿನ ಮೇಲೆ ತೇಲಿಬರುತ್ತದೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಸುತ್ತಲೂ ನೀರಿರುವುದರಿಂದ ಬೆಕ್ಕು, ನರಿ, ಮನುಷ್ಯ ಯಾರೂ ಗೂಡಿನ ಬಳಿಗೆ ಸುಲಭವಾಗಿ ಸುಳಿಯಲಾರರು. ಹತ್ತಿರದ ಗದ್ದೆಕಾಲುವೆಗಳಲ್ಲಿ ಮೀನು, ಕಪ್ಪೆ, ಹುಳುಗಳಿಗೆ ಕೊರತೆಯಿಲ್ಲ. ಹಕ್ಕಿಗಳು ಈ ಸ್ಥಳವನ್ನು ಆರಿಸಿಕೊಂಡುದಕ್ಕೆ ಇವೇ ಕಾರಣಗಳು.

ಆದರೆ ಹಕ್ಕಿಗಳು ಆರಿಸಿಕೊಂಡ ಮಾತ್ರಕ್ಕೆ ಒಂದು ಸ್ಥಳ ಅವುಗಳ ಪಾಲಿಗೆ ಉಳಿಯುವುದಿಲ್ಲ. ಅದರ ಬೆಲೆಯನ್ನು ಅರಿತು, ಆಳುವವರಿಗೆ ಮನಗಾಣಿಸುವ ಮನುಷ್ಯನೊಬ್ಬ ಬೇಕಾಗುತ್ತಾನೆ. ರಂಗನತಿಟ್ಟಿಗೆ ಅಂತಹ ಮನುಷ್ಯನಾಗಿ ಒದಗಿಬಂದವರು ಡಾ. ಸಲೀಂ ಅಲಿಯವರು. ಅವರ ಬಾಳಿನ ಕತೆಯನ್ನು ತಿಳಿದುಕೊಳ್ಳುವುದು ನಮಗೆಲ್ಲರಿಗೂ ಹಿತಕರವಾದುದು.

ಸಲೀಂ ಅಲಿ ಹುಟ್ಟಿದ್ದು 1896ನೆಯ ಇಸವಿ ನವೆಂಬರ್ 12ರಂದು, ಮುಂಬಯಿಯಲ್ಲಿ. ತುಂಬು ಕುಟುಂಬದ ಕಿರಿಯ ಮಗು ಅವರು. ಒಂದು ವರ್ಷ ತುಂಬುವ ವೇಳೆಗೆ ತಂದೆ ತೀರಿಕೊಂಡರು. ಮೂರು ವರ್ಷವಾಗುವಷ್ಟರಲ್ಲಿ ತಾಯಿಯೂ ಇಲ್ಲವಾದರು. ತಬ್ಬಲಿಗಳಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಂ ಅವರೂ ತಮ್ಮ ಮನೆಗೆ ಕರೆದುಕೊಂಡರು. ಆ ದಂಪತಿಗಳಿಗೆ ಸ್ವಂತ ಮಕ್ಕಳಿರಲಿಲ್ಲ. ಅನಾಥ ಮಕ್ಕಳಿಗೆ ಅವರು ತಾಯಿತಂದೆಯರಾದರು.

ಮಾವನವರಿಗೆ ಬೇಟೆಯಲ್ಲಿ ಬಹಳ ಆಸಕ್ತಿ. ಆ ಕಾಲದ ಅನುಕೂಲಸ್ಥರ ಮನೆಗಳಲ್ಲಿ ಬೇಟೆ ಗೌರವದ ಹವ್ಯಾಸವೆನಿಸಿತ್ತು. ಬಾಲಕ ಸಲೀಮನಿಗೂ ಒಂದು ಗಾಳಿಕೋವಿ ದೊರಕಿತು. ಗುಬ್ಬಚ್ಚಿಗಳಿಗೆ ಗುರಿಯಿಟ್ಟು ಹೊಡೆಯುವುದು ಅವನ ನಿತ್ಯದ ಆಟವಾಯಿತು. ಹೀಗಿರಲು ಒಂದು ದಿನ ಅವನ ಗುರಿಗೆ ಸಿಕ್ಕಿ ಬಿದ್ದ ಗುಬ್ಬಚ್ಚಿ ಉಳಿದವುಗಳಂತೆ ಇರಲಿಲ್ಲ. ಅದರ ಕೊರಳಿನ ಮೇಲೆ ಹಳದಿಯ ಮಚ್ಚೆಯೊಂದಿತ್ತು. ಇದು ಯಾವ ಹಕ್ಕಿ ಎಂದು ಬಾಲಕನು ಮಾವನವರನ್ನು ಕೇಳಿದನು. ಅವರಿಗೂ ತಿಳಿಯಲಿಲ್ಲ. ಆದರೆ ಆ ಹಿರಿಯರು ಹುಡುಗನ ಪ್ರಶ್ನೆಯನ್ನು ಗದರಿ ತಳ್ಳಿಹಾಕಲಿಲ್ಲ. ಬಲ್ಲವರ ಬಳಿಗೆ ಹೋಗಿ ಕೇಳೆಂದು ಪರಿಚಯದ ಪತ್ರವನ್ನು ಕೊಟ್ಟು, ಬೊಂಬಾಯಿ ನಿಸರ್ಗೇತಿಹಾಸ ಸಂಘಕ್ಕೆ ಕಳುಹಿಸಿದರು.

1883ರಲ್ಲಿ ಸ್ಥಾಪಿತವಾದ ಆ ಸಂಘಕ್ಕೆ ಆಗ ಮಿಲ್ಲಾರ್ಡ್ ಎಂಬ ಆಂಗ್ಲರು ಕಾರ್ಯದರ್ಶಿಗಳಾಗಿದ್ದರು. ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅಂಜುತ್ತಂಜುತ್ತ ಬಂದ ಹುಡುಗನನ್ನು ಅವರು ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕೊರಳಿನ ಗುಬ್ಬಿಯೆಂದು ತಿಳಿಸಿ, ಕಪಾಟುಗಳನ್ನು ತೆರೆದು, ಒಣಗಿಸಿ ಕಾಪಾಡಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಹಕ್ಕಿಗಳ ಚರ್ಮವನ್ನು ಬಿಡಿಸಿ ಅಧ್ಯಯನಕ್ಕಾಗಿ ಸಂರಕ್ಷಿಸಿಡುವ ಬಗೆಯನ್ನು ಕಲಿಸಲು ಏರ್ಪಾಡು ಮಾಡಿದರು. ಹಕ್ಕಿಗಳಲ್ಲಿ ಇಷ್ಟೊಂದು ಬಗೆಗಳಿವೆಯೆಂಬುದೇ ಬಾಲಕನಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಅವನ ಬಾಳಿನ ದಾರಿ ಆ ಹೊತ್ತಿಗೆ ನಿಶ್ಚಯವಾಯಿತೆನ್ನಬಹುದು. ಒಂದು ಪುಟ್ಟ ಪ್ರಶ್ನೆ, ಅದಕ್ಕೆ ಕಿವಿಗೊಟ್ಟ ಇಬ್ಬರು ಹಿರಿಯರು, ಇವುಗಳಿಂದ ಒಂದು ದೊಡ್ಡ ಜೀವನ ಆರಂಭವಾಯಿತು.

ಆದರೆ ದಾರಿ ನೇರವಾಗಿರಲಿಲ್ಲ. ಶಾಲೆಯ ಓದಿನಲ್ಲಿ ಸಲೀಂ ಮುಂದಿದ್ದವರಲ್ಲ. ಕಾಲೇಜಿಗೆ ಸೇರಿದರೂ ಮೊದಲನೆಯ ವರ್ಷವೇ ಕಷ್ಟವಾಗಿ ಓದನ್ನು ಬಿಟ್ಟರು. ಕುಟುಂಬದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಅವರನ್ನು ಬರ್ಮಾ ದೇಶದ ತವಾಯ್ ಎಂಬಲ್ಲಿಗೆ ಕಳುಹಿಸಲಾಯಿತು. ಅಲ್ಲಿ ಸುತ್ತಲೂ ದಟ್ಟವಾದ ಕಾಡು. ಕಾಡಿನ ತುಂಬ ಹಕ್ಕಿಗಳು. ವ್ಯಾಪಾರಕ್ಕಿಂತ ಹಕ್ಕಿಗಳ ಕಡೆಗೇ ಅವರ ಮನಸ್ಸು ಹರಿಯಿತು. 1917ರಲ್ಲಿ ಮುಂಬಯಿಗೆ ಮರಳಿದ ಅವರು ಒಂದೆಡೆ ವಾಣಿಜ್ಯವನ್ನು ಓದುತ್ತ, ಇನ್ನೊಂದೆಡೆ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪಾದ್ರಿ ಬ್ಲಾಟರ್ ಅವರ ಪ್ರೇರಣೆಯಿಂದ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. 1918ರ ಡಿಸೆಂಬರಿನಲ್ಲಿ ತೆಹಮಿನಾ ಬೇಗಂ ಅವರೊಡನೆ ಅವರ ವಿವಾಹವಾಯಿತು.

ವಿಶ್ವವಿದ್ಯಾನಿಲಯದ ಪದವಿ ಇಲ್ಲದಿದ್ದುದರಿಂದ, ಪಕ್ಷಿಶಾಸ್ತ್ರಜ್ಞರ ಸರ್ಕಾರಿ ಹುದ್ದೆ ಅವರಿಗೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದ ನಿಸರ್ಗ ವಿಭಾಗದಲ್ಲಿ ಸಂದರ್ಶಕರಿಗೆ ವಿವರಣೆ ನೀಡುವ ಉಪನ್ಯಾಸಕರಾದರು. ಎರಡು ವರ್ಷಗಳ ಅನಂತರ ರಜೆ ಪಡೆದು ಜರ್ಮನಿಯ ಬರ್ಲಿನ್ ನಗರಕ್ಕೆ ತೆರಳಿ, ಆ ಕಾಲದ ಸುಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸ್ಟ್ರೆಸ್‌ಮಾನ್ ಅವರ ಬಳಿ ತರಬೇತಿ ಪಡೆದರು. ಹಕ್ಕಿಗಳ ಕಾಲಿಗೆ ಸಂಖ್ಯೆಯುಳ್ಳ ಹಗುರವಾದ ಉಂಗುರ ತೊಡಿಸಿ ಅವುಗಳ ವಲಸೆಯ ದಾರಿಯನ್ನು ಗೊತ್ತುಮಾಡುವ ವಿಧಾನವನ್ನೂ ಅಲ್ಲಿ ಕಂಡರು. ಈ ಜ್ಞಾನವನ್ನು ಹೊತ್ತು 1930ರಲ್ಲಿ ತಾಯ್ನಾಡಿಗೆ ಮರಳಿದಾಗ, ಹಣದ ಅಭಾವದಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೈಯಲ್ಲಿ ಕೆಲಸವಿಲ್ಲ, ವಯಸ್ಸು ಮೂವತ್ತು ದಾಟಿದೆ. ಇನ್ನೊಬ್ಬರಾಗಿದ್ದರೆ ಎದೆಗುಂದುತ್ತಿದ್ದರು. ಸಲೀಂ ಅಲಿ ಪತ್ನಿಯೊಡನೆ ಮುಂಬಯಿಗೆ ಸಮೀಪದ ಕಡಲತೀರದ ಕಿಹೀಂ ಎಂಬ ಹಳ್ಳಿಯಲ್ಲಿ ನೆಲಸಿದರು. ಅಲ್ಲಿ ಗೀಜಗ ಹಕ್ಕಿಗಳ ಗೂಡುಗಳಿದ್ದವು. ದಿನವೆಲ್ಲ ಅವುಗಳ ಎದುರಿಗೆ ಕುಳಿತು ನೋಡುವುದೇ ಅವರ ಕಾಯಕವಾಯಿತು. ಗಂಡು ಗೀಜಗವು ಹುಲ್ಲಿನ ಎಳೆಗಳನ್ನು ನೇಯ್ದು ಅರ್ಧ ಗೂಡು ಕಟ್ಟುತ್ತದೆ. ಹೆಣ್ಣುಗಳು ಬಂದು ಗೂಡನ್ನು ಒಳಹೊಕ್ಕು ಪರೀಕ್ಷಿಸುತ್ತವೆ. ಮೆಚ್ಚುಗೆಯಾದರೆ ಹೆಣ್ಣು ಅಲ್ಲಿಯೇ ನೆಲಸುತ್ತದೆ. ಗಂಡು ಗೂಡನ್ನು ಪೂರ್ಣಗೊಳಿಸುತ್ತದೆ. ಅದು ಮುಗಿಯುತ್ತಲೇ ಮತ್ತೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಆಹ್ವಾನಿಸುತ್ತದೆ. ಶತಮಾನಗಳಿಂದ ಜನರ ಕಣ್ಣೆದುರಿಗೇ ನಡೆಯುತ್ತಿದ್ದ ಈ ಸಂಸಾರದ ಕ್ರಮವನ್ನು ತಾಳ್ಮೆಯಿಂದ ನೋಡಿ, ಶಾಸ್ತ್ರೀಯವಾಗಿ ಬರೆದಿಟ್ಟವರು ಅವರು. ಈ ಪ್ರಬಂಧ ಅವರಿಗೆ ವಿದ್ವಾಂಸರ ವಲಯದಲ್ಲಿ ಹೆಸರು ತಂದಿತು. ನಿರುದ್ಯೋಗದ ದಿನಗಳೇ ಅವರ ಕೀರ್ತಿಗೆ ಅಡಿಪಾಯವಾದವು.

ಅಂದಿನ ಭಾರತದಲ್ಲಿ ಅನೇಕ ದೇಶೀಯ ಸಂಸ್ಥಾನಗಳಿದ್ದವು. ಅವುಗಳ ಪಕ್ಷಿಸಂಪತ್ತಿನ ಬಗ್ಗೆ ಕ್ರಮವಾದ ತಿಳಿವಳಿಕೆ ಇರಲಿಲ್ಲ. ಕ್ಷೇತ್ರಕಾರ್ಯದ ವೆಚ್ಚವನ್ನು ಸಂಸ್ಥಾನಗಳು ವಹಿಸಿಕೊಳ್ಳುವುದಾದರೆ, ಸಂಬಳವಿಲ್ಲದೆ ತಾವು ಸಮೀಕ್ಷೆ ಮಾಡಿಕೊಡುವುದಾಗಿ ಸಲೀಂ ಅಲಿ ಮುಂದೆ ಬಂದರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಮೊದಲಾದ ಸಂಸ್ಥಾನಗಳಲ್ಲಿ ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ, ಡೇರೆಗಳಲ್ಲಿ ವಾಸಿಸುತ್ತ ತಿಂಗಳುಗಟ್ಟಲೆ ಸಂಚರಿಸಿದರು. ಯಾವ ಹಕ್ಕಿ ಎಲ್ಲಿದೆ, ಏನನ್ನು ತಿನ್ನುತ್ತದೆ, ಯಾವಾಗ ಗೂಡು ಕಟ್ಟುತ್ತದೆ ಎಂಬುದನ್ನೆಲ್ಲ ಗುರುತುಮಾಡಿಕೊಂಡರು. ಪಟ್ಟಣದಲ್ಲಿ ಬೆಳೆದ ತೆಹಮಿನಾ ಅವರು ಈ ಕಷ್ಟದ ಬಾಳಿನಲ್ಲಿ ನಗುನಗುತ್ತ ಜತೆಯಾದರು. ಬಿಡಾರದ ವ್ಯವಸ್ಥೆಯನ್ನು ನೋಡಿಕೊಂಡರು. ಪತಿಯ ಬರಹವನ್ನು ಓದಿ ಅದರ ಭಾಷೆಯನ್ನು ತಿದ್ದಿಕೊಟ್ಟರು.

1939ರಲ್ಲಿ, ಸಣ್ಣದೊಂದು ಶಸ್ತ್ರಚಿಕಿತ್ಸೆಯ ಅನಂತರ, ತೆಹಮಿನಾ ಅಕಾಲಮರಣಕ್ಕೆ ತುತ್ತಾದರು. ಇಪ್ಪತ್ತು ವರ್ಷಗಳ ಒಡನಾಡಿಯನ್ನು ಕಳೆದುಕೊಂಡ ದುಃಖ ಸಲೀಂ ಅಲಿಯವರನ್ನು ಆಳವಾಗಿ ಕಲಕಿತು. ಅವರು ಮತ್ತೆ ಮದುವೆಯಾಗಲಿಲ್ಲ. ದುಃಖವನ್ನು ನುಂಗಿಕೊಂಡು ಮತ್ತೆ ಕಾಡಿನ ಹಾದಿಯನ್ನು ಹಿಡಿದರು. ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ಅವರು ಕೈಗೊಂಡದ್ದು ಈ ಸಮಯದಲ್ಲಿಯೇ. ತಮ್ಮ ಮನೆ ಬರಿದಾಗಿದ್ದ ಹೊತ್ತಿನಲ್ಲಿ ಅವರು ನಮ್ಮ ನಾಡಿನ ಕೆರೆ, ಕಾಡು, ಬೆಟ್ಟಗಳನ್ನು ಅಲೆದು ಹಕ್ಕಿಗಳ ಮನೆಗಳನ್ನು ಲೆಕ್ಕವಿಟ್ಟರು.

ಆ ಸಂಚಾರದಲ್ಲಿ ಅವರು ಕಾವೇರಿಯ ನಡುಗಡ್ಡೆಗಳನ್ನು ಕಂಡರು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ನೀರುಹಕ್ಕಿಗಳು ಒಟ್ಟಾಗಿ ಮರಿಮಾಡುವುದು ಸಾಮಾನ್ಯ ಸಂಗತಿಯಲ್ಲವೆಂದು ಅವರು ಒಡನೆ ಗುರುತಿಸಿದರು. ಬೇಟೆಗೆ, ಮೊಟ್ಟೆಗಳ ಕಳವಿಗೆ, ಮರ ಕಡಿಯುವುದಕ್ಕೆ ಅವಕಾಶವಿತ್ತರೆ ಕೆಲವೇ ವರ್ಷಗಳಲ್ಲಿ ಎಲ್ಲವೂ ಬರಿದಾಗುವುದೆಂಬ ಭಯ ಅವರದು. ಈ ಸ್ಥಳವನ್ನು ರಕ್ಷಿಸಬೇಕೆಂದು ಅವರು ಮೈಸೂರಿನ ಅರಸೊತ್ತಿಗೆಗೆ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ದೇಶದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಸಮಗ್ರವಾದ ಕಾನೂನು ಬಂದದ್ದು 1972ರಲ್ಲಿ ಎಂಬುದನ್ನು ನೆನೆದರೆ, ಮೂರು ದಶಕಗಳಷ್ಟು ಮೊದಲೇ ನಡೆದ ಈ ಕಾರ್ಯದ ಮಹತ್ವ ತಿಳಿಯುತ್ತದೆ.

ಮರುವರ್ಷ, 1941ರಲ್ಲಿ, ಭಾರತದ ಹಕ್ಕಿಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಅದು ಪಂಡಿತರಿಗಾಗಿ ಮಾತ್ರ ಬರೆದ ಪುಸ್ತಕವಲ್ಲ. ಹಕ್ಕಿಯ ಗಾತ್ರ, ಬಣ್ಣ, ಕೂಗು, ಗೂಡು ಇವುಗಳನ್ನು ಯಾರಿಗಾದರೂ ತಿಳಿಯುವಂತೆ, ಚಿತ್ರಗಳೊಡನೆ ಅದರಲ್ಲಿ ವಿವರಿಸಿದ್ದರು. ಅಲ್ಲಿಯವರೆಗೆ ಕೆಲವೇ ಅಧಿಕಾರಿಗಳ ಮತ್ತು ವಿದ್ವಾಂಸರ ಸೊತ್ತಾಗಿದ್ದ ಪಕ್ಷಿವೀಕ್ಷಣೆ, ಈ ಪುಸ್ತಕದಿಂದ ಶಾಲಾಬಾಲಕರ ಕೈಗೂ ಎಟುಕಿತು.

ಸ್ವಾತಂತ್ರ್ಯಾನಂತರ ಸಲೀಂ ಅಲಿಯವರ ಹೊಣೆ ಇನ್ನಷ್ಟು ಹೆಚ್ಚಿತು. ರಾಜಸ್ಥಾನದ ಭರತಪುರದ ಕತೆ ಇದಕ್ಕೊಂದು ನಿದರ್ಶನ. ಅಲ್ಲಿನ ಕೇವಲಾದೇವ ಜೌಗುನೆಲ ರಾಜರ ಬೇಟೆಯ ತಾಣವಾಗಿತ್ತು. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಬಾತುಗಳೂ ಕೊಕ್ಕರೆಗಳೂ ಸಾವಿರ ಸಾವಿರವಾಗಿ ಬಂದಿಳಿಯುತ್ತಿದ್ದವು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡವು ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಕೊಂದಿತು. ಆ ಸಂಖ್ಯೆಯನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೊರೆಯಿಸಲಾಯಿತು. ಸ್ವಾತಂತ್ರ್ಯ ಬಂದ ಮೇಲೆ ಆ ಜೌಗುನೆಲವನ್ನು ಬತ್ತಿಸಿ ಬೇಸಾಯಕ್ಕೆ ಹಂಚಬೇಕೆಂಬ ಬೇಡಿಕೆ ಹುಟ್ಟಿತು. ಭೂಮಿಯಿಲ್ಲದ ರೈತರ ಆಸೆ ಅಸಹಜವಾದುದೇನಲ್ಲ. ಆದರೆ ಒಮ್ಮೆ ಬತ್ತಿಸಿದ ಜೌಗುನೆಲ ಮರಳಿ ಬಾರದು. ಸಲೀಂ ಅಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ವಿಷಯವನ್ನು ನಿವೇದಿಸಿದರು. ಭರತಪುರ ಉಳಿಯಿತು. ಅವರ ಮಾರ್ಗದರ್ಶನದಲ್ಲಿ ಅಲ್ಲಿ ಸಾವಿರಾರು ಹಕ್ಕಿಗಳಿಗೆ ಉಂಗುರ ತೊಡಿಸಿ ವಲಸೆಯ ಹಾದಿಗಳನ್ನು ಅಭ್ಯಸಿಸಲಾಯಿತು. 1985ರಲ್ಲಿ ಆ ತಾಣ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಕತೆಗೆ ಇನ್ನೊಂದು ಮುಖವೂ ಉಂಟು; ಅದನ್ನು ಮರೆಮಾಚುವುದು ಸರಿಯಲ್ಲ. ದನ, ಎಮ್ಮೆಗಳ ಮೇವಿನಿಂದ ಜೌಗುನೆಲಕ್ಕೆ ಹಾನಿಯಾಗುವುದೆಂಬುದು ಸಲೀಂ ಅಲಿ ಮೊದಲಾದ ತಜ್ಞರ ಅಭಿಪ್ರಾಯವಾಗಿತ್ತು. 1982ರಲ್ಲಿ ಅಲ್ಲಿ ಮೇವನ್ನು ನಿಷೇಧಿಸಿದಾಗ ಸುತ್ತಣ ಹಳ್ಳಿಗರು ಪ್ರತಿಭಟಿಸಿದರು. ಘರ್ಷಣೆಯಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಮುಂದೆ ಬೊಂಬಾಯಿಯ ಸಂಘವೇ ನಡೆಸಿದ ದೀರ್ಘ ಅಧ್ಯಯನದಿಂದ ಬೇರೊಂದು ಸತ್ಯ ಹೊರಬಿದ್ದಿತು. ಎಮ್ಮೆಗಳು ಮೇಯುವುದು ನಿಂತಮೇಲೆ ನೀರಿನಲ್ಲಿ ಹುಲ್ಲುಕಳೆ ಅತಿಯಾಗಿ ಬೆಳೆದು, ತೆರೆದ ನೀರು ಬೇಕಾದ ಹಕ್ಕಿಗಳಿಗೆ ತೊಂದರೆಯಾಗಿತ್ತು. ಮನುಷ್ಯ ಮತ್ತು ಅವನ ಜಾನುವಾರುಗಳೂ ಆ ನಿಸರ್ಗದ ಒಂದು ಅಂಗವಾಗಿದ್ದವು. ಹಿರಿಯ ವಿದ್ವಾಂಸರ ಊಹೆಯನ್ನೂ ವಾಸ್ತವದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದೇ ವಿಜ್ಞಾನದ ಮಾರ್ಗ. ನೋಡಿ ತಿಳಿದುದನ್ನೇ ನಂಬಬೇಕೆಂದು ಬಾಳೆಲ್ಲ ಸಾಧಿಸಿ ತೋರಿಸಿದವರು ಸಲೀಂ ಅಲಿ. ಅವರ ಸಂಘವೇ ಅವರ ಅಭಿಪ್ರಾಯವನ್ನು ತಿದ್ದಿದುದು, ಅವರು ಹಾಕಿಕೊಟ್ಟ ದಾರಿಗೆ ಸಂದ ಗೌರವವೆಂದೇ ಹೇಳಬೇಕು.

ಇದೇ ಬಗೆಯಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಕ್ಕಿಗಳ ಬಂಧುವೆನಿಸಿದ ಅವರು ಕೋವಿಯನ್ನು ಸಂಪೂರ್ಣವಾಗಿ ಕೆಳಗಿಟ್ಟವರಲ್ಲ. ಅಂದಿನ ಪಕ್ಷಿಶಾಸ್ತ್ರವು ಸಂಗ್ರಹಿಸಿದ ಮಾದರಿಗಳ ಮೇಲೆ ನಿಂತಿತ್ತು. ಹಕ್ಕಿಯನ್ನು ಕೈಯಲ್ಲಿ ಹಿಡಿದು ಅಳೆದು ನೋಡದೆ ಜಾತಿಗಳ ಸೂಕ್ಷ್ಮ ವ್ಯತ್ಯಾಸಗಳನ್ನು ನಿರ್ಧರಿಸುವುದು ಆಗ ಸಾಧ್ಯವಿರಲಿಲ್ಲ. ಶಾಸ್ತ್ರಕ್ಕೆ ಬೇಕಾದಷ್ಟನ್ನು ಪಡೆಯುವುದಕ್ಕೂ ಮೋಜಿಗಾಗಿ ಸಾವಿರಗಟ್ಟಲೆ ಕೊಲ್ಲುವುದಕ್ಕೂ ಇರುವ ಅಂತರವನ್ನು ಅವರು ಚೆನ್ನಾಗಿ ಅರಿತಿದ್ದರು. ಹಕ್ಕಿಗಿಂತ ಅದರ ನೆಲೆ ಮುಖ್ಯವೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಕೆರೆ, ಕಾಡು, ಹುಲ್ಲುಗಾವಲುಗಳು ಉಳಿದರೆ ಹಕ್ಕಿಗಳು ತಾವಾಗಿ ಉಳಿಯುವುವು. ಅವು ಅಳಿದರೆ ಯಾವ ಕಾನೂನೂ ಹಕ್ಕಿಗಳನ್ನು ಕಾಯಲಾರದು.

ಮುಪ್ಪು ಅವರ ಉತ್ಸಾಹವನ್ನು ಕುಂದಿಸಲಿಲ್ಲ. ಮೋಟಾರ್ ಸೈಕಲ್ ಎಂದರೆ ಅವರಿಗೆ ಬಲು ಪ್ರೀತಿ. 1950ರಲ್ಲಿ ಸ್ವೀಡನ್ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ಅವರು ತಮ್ಮ ವಾಹನವನ್ನು ಹಡಗಿನಲ್ಲಿ ಯೂರೋಪಿಗೆ ಸಾಗಿಸಿಕೊಂಡು, ಅದನ್ನೇರಿ ಹೋಗಿದ್ದರು. ಅಮೆರಿಕದ ವಿದ್ವಾಂಸ ಡಿಲ್ಲನ್ ರಿಪ್ಲೆಯವರೊಡನೆ ಸೇರಿ, ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳನ್ನು ಕುರಿತ ಹತ್ತು ಸಂಪುಟಗಳ ಬೃಹದ್ಗ್ರಂಥವನ್ನು ರಚಿಸಿದರು. 1968ರಲ್ಲಿ ಮೊದಲುಗೊಂಡ ಅದರ ಪ್ರಕಟಣೆ 1974ರಲ್ಲಿ ಮುಗಿದಾಗ ಅವರಿಗೆ ಎಪ್ಪತ್ತೆಂಟರ ಸಮೀಪದ ವಯಸ್ಸು. ಕೇರಳದ ಮೌನಕಣಿವೆಯ ಕಾಡನ್ನು ಅಣೆಕಟ್ಟಿನ ಯೋಜನೆಯಿಂದ ಉಳಿಸಬೇಕೆಂದು ದನಿಯೆತ್ತಿದವರಲ್ಲಿ ಅವರೂ ಒಬ್ಬರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನು ಅರಸಿಬಂದವು. ಪದವಿಯಿಲ್ಲವೆಂದು ಕೆಲಸ ಸಿಗದಿದ್ದ ವ್ಯಕ್ತಿಗೆ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿ ತಮ್ಮನ್ನು ತಾವು ಗೌರವಿಸಿಕೊಂಡವು. 1985ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆಯನ್ನು ಪ್ರಕಟಿಸಿದರು. ಬಾಲ್ಯದಲ್ಲಿ ತಮ್ಮ ಕೋವಿಗೆ ಸಿಕ್ಕ ಗುಬ್ಬಿಯ ನೆನಪನ್ನು ಅದರ ಹೆಸರಿನಲ್ಲಿಯೇ ಉಳಿಸಿದರು. 1987ರಲ್ಲಿ, ತೊಂಬತ್ತು ವರ್ಷಗಳ ಸಾರ್ಥಕ ಬಾಳನ್ನು ಮುಗಿಸಿ, ಮುಂಬಯಿಯಲ್ಲಿ ಕಣ್ಮುಚ್ಚಿದರು.

ಅವರು ಕಾಪಾಡಿಕೊಟ್ಟ ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲನೆಯ ತಾಣವಿದು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. ಅತಿವೃಷ್ಟಿಯ ವರ್ಷಗಳಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರನ್ನು ಬಿಟ್ಟಾಗ ನಡುಗಡ್ಡೆಗಳು ಮುಳುಗಿ, ಗೂಡುಗಳು ಕೊಚ್ಚಿಹೋಗುತ್ತವೆ; ದಡದ ಮಣ್ಣು ಸವೆಯುತ್ತದೆ. ನೋಡಲು ಹೋದವರ ಗದ್ದಲ, ಎಸೆದ ಕಸ ಇವುಗಳೂ ಹಕ್ಕಿಗಳಿಗೆ ಶತ್ರುಗಳೇ. ದೋಣಿಯಲ್ಲಿ ಕುಳಿತು ಕೂಗಾಡುವವನಿಗೆ ಹಕ್ಕಿಗಳು ಕಾಣುವುದಿಲ್ಲ. ಮೌನವಾಗಿ, ದೂರದಿಂದ, ತಾಳ್ಮೆಯಿಂದ ನೋಡುವವನಿಗೆ ಮಾತ್ರ ಅವು ತಮ್ಮ ಬಾಳನ್ನು ತೆರೆದು ತೋರಿಸುತ್ತವೆ.

ಹಕ್ಕಿಗಳನ್ನು ನೋಡಲು ದೂರಕ್ಕೇ ಹೋಗಬೇಕೆಂದೇನೂ ಇಲ್ಲ. ಬೆಂಗಳೂರಿನ ಶಂಕರಪುರಂ, ಬಸವನಗುಡಿಗಳಲ್ಲಿ ಬೆಳೆಯುವ ಮಕ್ಕಳಿಗೆ ಲಾಲ್‌ಬಾಗಿನ ಕೆರೆ ಕಾಲ್ನಡಿಗೆಯ ದೂರದಲ್ಲಿದೆ. ಅಲ್ಲಿ ಬೆಳಗಿನ ಹೊತ್ತು ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನೂ ಬೆಳ್ಳಕ್ಕಿಗಳು ದಡದಲ್ಲಿ ಹೊಂಚುಹಾಕಿ ನಿಲ್ಲುವುದನ್ನೂ ಕಾಣಬಹುದು. ಹಳ್ಳಿಯ ಮಕ್ಕಳಿಗಂತೂ ಊರ ಕೆರೆಯೇ ಪಾಠಶಾಲೆ. ಒಂದು ದಿನಚರಿಯ ಪುಸ್ತಕ, ಒಂದು ಪೆನ್ಸಿಲು, ನೋಡುವ ಕಣ್ಣು ಇವಿಷ್ಟಿದ್ದರೆ ಸಾಕು. ಯಾವ ಹಕ್ಕಿ ಯಾವ ತಿಂಗಳಲ್ಲಿ ಬಂದಿತು, ಏನು ಮಾಡುತ್ತಿತ್ತು ಎಂಬುದನ್ನು ಕಂಡಂತೆ ಬರೆದಿಡಬೇಕು. ತಿಳಿಯದುದನ್ನು ಬಲ್ಲವರಲ್ಲಿ ಕೇಳಲು ನಾಚಬಾರದು. ತಬ್ಬಲಿಯಾಗಿ ಬೆಳೆದ, ಓದಿನಲ್ಲಿ ಹಿಂದಿದ್ದ ಬಾಲಕನೊಬ್ಬನು ದೇಶದ ಹಿರಿಯ ಪಕ್ಷಿಶಾಸ್ತ್ರಜ್ಞನಾದುದು ಈ ಮಾರ್ಗದಿಂದಲೇ. ಆ ಮಾರ್ಗ ಇಂದಿಗೂ ಎಲ್ಲರಿಗೂ ತೆರೆದಿದೆ.